ಸಂದಿಯ ಮೇಣ

ಹಳೆ ಸೀಲೆಂಟಿಗೆ ಅವಸರ ಆಗದು.
ಬೆಂಕಿ ತೋರಿಸಿದರೆ ಹೊತ್ತಿಕೊಂಡು ಶೆಡ್ಡೆಲ್ಲ ಹೊಗೆ,
ಉಳಿ ಹಾಕಿದರೆ ತಗಡಿಗೇ ಗಾಯ.
ಬಿಸಿಗಾಳಿಯ ಗನ್ನು ಒಂದು ಗೇಣು ದೂರ,
ತುದಿ ಮೊಂಡಾದ ಪುಟ್ಟಿ ಕತ್ತಿ,
ಮತ್ತೆ, ಬೀಡಿ ಹಚ್ಚದೆ ಕೂರುವ ತಾಳ್ಮೆ.

ವಿರಾಜಪೇಟೆ ಗಡಿಯಾರ ಕಂಬದಿಂದ ಇಳಿದರೆ
ಎರಡನೇ ತಿರುವಿನಲ್ಲಿ ನನ್ನ ಟಿಂಕರಿಂಗ್ ಶೆಡ್ಡು.
ಒಳಗೆ ಅರವತ್ತನಾಲ್ಕರ ಫಿಯೆಟ್,
ಸೀಟಿಲ್ಲ, ಗಾಜಿಲ್ಲ, ಚಾಪೆಯಿಲ್ಲ,
ಸ್ನಾನಕ್ಕೆ ನಿಲ್ಲಿಸಿದ ಮಗುವಿನ ಹಾಗೆ.

ಕೆಲವು ಕಡೆ ಮೇಣ ಕಲ್ಲಾಗಿದೆ,
ತಟ್ಟಿದರೆ ಹಂಚಿನ ಚೂರಿನಂತೆ ಸಿಡಿಯುತ್ತದೆ.
ಡಿಕ್ಕಿಯ ಮೂಲೆಯಲ್ಲಿ ಇನ್ನೂ ಹಲಸಿನ ಅಂಟು,
ಎಳೆದಷ್ಟೂ ಬರುತ್ತದೆ, ಬಿಡುವುದಿಲ್ಲ.
ಗಟ್ಟಿ ಹಿಡಿದುಕೊಂಡದ್ದನ್ನು ಮುಟ್ಟಬೇಡ ಮಾರಾಯ,
ಅದರ ಪಾಡಿಗೆ ಅದು ದುಡಿಯುತ್ತಿದೆ, ಅನ್ನುತ್ತಿದ್ದರು
ಚಾತುಕುಟ್ಟಿ ಮೇಸ್ತ್ರಿ.
ಬಿರುಕನ್ನು ಮಾತ್ರ ನಂಬಬೇಡ.
ಒಂದಿಂಚು ಬಿರುಕಿಗೆ ಒಂದಡಿ ಕೆರೆ.

ಕೆರೆದೆ.
ಎಡಗಡೆ ಹಿಂಬಾಗಿಲ ಕೆಳಗೆ
ನೆಲದ ತಗಡು ಅಂಚಿಗೆ ಸೇರುವ ಗೆರೆಯಲ್ಲಿ
ಕಪ್ಪು ಟಾರು, ಟಾರಿನೊಳಗೆ ಗೋಣಿ ದಾರ,
ಗೋಣಿಯ ಕೆಳಗೆ ಪ್ರೈಮರಿಲ್ಲ, ಬಣ್ಣವಿಲ್ಲ,
ಕಾಫಿ ಪುಡಿಯ ಹಾಗೆ ಬೆರಳಿಗೆ ಬಂದದ್ದು ಬರೀ ತುಕ್ಕು.
ಯಾವ ಕಳ್ಳನ ಕೆಲಸವೋ ಇದು ಎಂದು
ಹುಡುಗ ಅನ್ಸಾರನಿಗೆ ತೋರಿಸಿ ಬೈದೆ.
ಬೈಯುತ್ತಾ ಬೈಯುತ್ತಾ ಬಾಯಿ ಕಟ್ಟಿತು.
ಟಾರಿನಲ್ಲಿ ಒತ್ತಿದ ಹೆಬ್ಬೆಟ್ಟು,
ಹೆಬ್ಬೆಟ್ಟಿನ ನಡುವೆ ಅಡ್ಡಕ್ಕೊಂದು ಗೀರು.
ನನಗೆ ಹತ್ತೊಂಬತ್ತಿದ್ದಾಗ ಗ್ರೈಂಡರ್ ಕೊಯ್ದದ್ದು.
ಇದೋ, ಈಗಲೂ ಇದೆ.

ಎಂಬತ್ತೇಳರ ಏಪ್ರಿಲ್, ಶನಿವಾರ ಸಂಜೆ.
ಬೆಳಗಾದರೆ ಮದುವೆ, ಇದು ಹೆಣ್ಣಿನ ಕಾರು.
ಮೇಸ್ತ್ರಿ ತಲಶ್ಶೇರಿಗೆ ಹೋಗಿದ್ದರು.
ಕೆರೆಯುವುದಕ್ಕೆ ಎರಡು ದಿನ,
ಮುಚ್ಚುವುದಕ್ಕೆ ಅರ್ಧ ಗಂಟೆ.
ಇಪ್ಪತ್ತು ರೂಪಾಯಿ ಇನಾಮು ಸಿಕ್ಕಿತು,
ಅದರಲ್ಲಿ ಸಿನಿಮಾ ನೋಡಿದೆ. ಯಾವುದೋ ನೆನಪಿಲ್ಲ.

ಬೊಳ್ಳಮ್ಮನವರು ಕಾರು ನೋಡಲು ಬಂದ ದಿನ
ಬೋಲ್ಟು ಬಿಚ್ಚುವ ನೆಪದಲ್ಲಿ ಅಡಿಗೆ ನುಸುಳಿದೆ.
ಮುಖ ಕಾಣದಿದ್ದರೆ ಹೇಳುವುದು ಸುಲಭ.
ಹೇಳಿದೆ.
‘ಗೊತ್ತು ಪಾಸ್ಕಲ್’ ಎಂದವು
ನನ್ನ ಕಣ್ಣಿನ ನೇರಕ್ಕೆ ಎರಡು ಚಪ್ಪಲಿ.
‘ಗೋಣಿಕೊಪ್ಪ ದಾಟುವಾಗ ಹೂಮಳೆ ಬಿತ್ತಲ್ಲ,
ತೋಟದವರೆಲ್ಲ ಕೈ ಮುಗಿದರು,
ನಾನು ಕಾಲೆತ್ತಿದೆ.
ಬಾವಿಯಿಂದ ನೀರು ಹೊತ್ತು ತರುವ ಗಂಗಾಪೂಜೆ
ಗಂಡನ ಮನೆ ಸೇರಿದ ಮೇಲೆ ತಾನೇ?
ನನ್ನದು ದಾರಿಯಲ್ಲೇ ಆಗಿಹೋಯಿತು.
ಕೆಂಪು ಸೀರೆಯ ಅಂಚಿಗೆ ಟಾರು,
ಅವರ ಹೊಸಿಲ ಮೇಲೆ ನನ್ನ ಕಪ್ಪು ಹೆಜ್ಜೆ.
ಅತ್ತೆ ಸಾಯುವವರೆಗೂ ಹೇಳಿ ಹೇಳಿ ನಕ್ಕರು.’

‘ಮತ್ತೆ ಇಲ್ಲಿಗೇ ಯಾಕೆ ತಂದಿರಿ?’
‘ನೀರು ಎಲ್ಲಿಂದ ಬರುತ್ತದೆ ಅಂತ
ಸರಿಯಾಗಿ ಗೊತ್ತಿರುವವನು ನೀನೊಬ್ಬನೇ.’

ಮೂರು ವಾರ ಹಿಡಿಯಿತು.
ಕೊಳೆತ ಒಂದಡಿ ತಗಡು ಕತ್ತರಿಸಿ ಹೊಸದು ಬೆಸೆದೆ,
ಥಿನ್ನರಿನಲ್ಲಿ ಒರೆಸಿದ್ದನ್ನೇ ಮತ್ತೆ ಒರೆಸಿದೆ,
ರೆಡ್ ಆಕ್ಸೈಡ್ ಒಣಗುವ ತನಕ
ಅನ್ಸಾರನ ಕೈ ಹಿಡಿದು ಕೂರಿಸಿದೆ.
ಸಂದಿಯುದ್ದಕ್ಕೂ ಹೊಸ ಮೇಣ ಎಳೆದು
ಹೆಬ್ಬೆಟ್ಟಿನಿಂದ ನಯ ಮಾಡುವಾಗ
ಗೀರು ಮತ್ತೆ ಬಿತ್ತು. ಬೀಳಲಿ ಎಂದು ಬಿಟ್ಟೆ.

ಗಾಜು, ಸೀಟು ಕೂರಿಸಿ, ನೆಲಕ್ಕೆ ಪೇಪರು ಹಾಸಿ
ಬೊಳ್ಳಮ್ಮನವರನ್ನು ಹಿಂದಿನ ಎಡ ಸೀಟಿಗೆ ಹತ್ತಿಸಿ
ಮೇಲಿನಿಂದ ಪೈಪಿನಲ್ಲಿ ನೀರು ಬಿಟ್ಟೆವು,
ಅರ್ಧ ಗಂಟೆ, ಗಡಿಯಾರ ನೋಡಿಕೊಂಡು.
ಒಂದು ಹನಿ ಒಳಗಿಲ್ಲ. ಪೇಪರಿನ ಅಕ್ಷರ ಸಹ
ಇದ್ದ ಹಾಗೇ ಇತ್ತು.

ನೀರಿಳಿಯುವ ಗಾಜಿನಾಚೆ ಬಗ್ಗಿ ನೋಡಿದೆ.
ಟಾರ್ಚು ಹಿಡಿದು ನಗುತ್ತಾ ಕೂತಿದ್ದಾರೆ,
ಎರಡೂ ಕಾಲು ಮೇಲೆತ್ತಿಕೊಂಡು.